ಮೂರು ಚೌಕ, ಒಂದು ಚೌಕ



ಜುಮಾ ನಮಾಜ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ನಮ್ಮ ತಿಳವಳ್ಳಿಯಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತೊಂದಿದೆ. "ಹುಡುಗ ಚಿತ್ರಾ ಚಂದ ತೆಗೀತಾನ್ರಿ, ಲೆಕ್ಕದಾಗ ಮಾತ್ರ ಶೂನ್ಯ." ಹೀಗೆ ಹೇಳುವ ತಂದೆ ಎಷ್ಟೋ ಸಲ ಗೌಂಡಿ, ಇಲ್ಲವೇ ಬಡಗಿ, ಇಲ್ಲವೇ ದರ್ಜಿ. ಪಾಯ ಹಾಕುವ ದಿನ ಒಂದು ದಾರದ ಮೇಲೆ ಮೂರು ಫೂಟು, ಇನ್ನೊಂದರ ಮೇಲೆ ನಾಲ್ಕು ಫೂಟು ಗುರುತು ಮಾಡಿ, ಅಡ್ಡ ಅಳತೆ ಐದು ಫೂಟಿಗೆ ಸರಿಯಾಗಿ ಬಂದರೆ "ಮೂಲಿ ಗುಣ್ಯಾಕ್ಕ ಬಂತು" ಎನ್ನುವವನು ಅವನೇ. ಆ ಮೂರು, ನಾಲ್ಕು, ಐದರ ಸಂಬಂಧಕ್ಕೆ ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯ ಎಂದು ಹೆಸರು. ಮಗ ಎಡವುವುದು ಅದೇ ಪಾಠದಲ್ಲಿ. ಆ ಪಾಠ ತನಗೆ ಬರುತ್ತದೆಂದು ತಂದೆಗೆ ಗೊತ್ತಿಲ್ಲ. ತನ್ನ ತಂದೆಗೆ ಅದು ಬರುತ್ತದೆಂದು ಮಗನಿಗೂ ಗೊತ್ತಿಲ್ಲ.

ನಮ್ಮದೇ ಒಂದು ತಪ್ಪನ್ನೂ ಮೊದಲೇ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಶಾಲೆಯ ಪಾಲಕರ ಸಭೆಯಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಿಸಬೇಕಾದರೆ ಚಿತ್ರಕಲೆ ಮತ್ತು ಹೊಲಿಗೆಯ ಪಿರಿಯಡ್‌ಗಳನ್ನು ಗಣಿತಕ್ಕೆ ಬಿಟ್ಟುಕೊಡಬೇಕು ಎಂಬ ಸಲಹೆ ಬಂತು. ನಾವೂ ಕೈ ಎತ್ತಿದೆವು. ಚಿತ್ರ ಬರೆದು ಯಾರ ಹೊಟ್ಟೆ ತುಂಬಿದೆ ಎಂದು ಅಂದು ನಮಗೆ ಅನ್ನಿಸಿತ್ತು. ಆ ಎತ್ತಿದ ಕೈ ಸರಿಯೇ ಎಂದು ಇತಿಹಾಸವನ್ನು ಕೇಳಲು ಹೊರಟಾಗ ಸಿಕ್ಕ ಸಂಗತಿಗಳನ್ನು ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ಬಗ್ದಾದಿನ ಮಜ್ಲಿಸ್

ಅಬುಲ್ ವಫಾ ಅಲ್-ಬೂಜ್‌ಜಾನಿ ಹುಟ್ಟಿದ್ದು ಕ್ರಿ.ಶ. 940ರಲ್ಲಿ, ಖುರಾಸಾನಿನ ಬೂಜ್‌ಜಾನ್ ಎಂಬ ಊರಿನಲ್ಲಿ. ಹರೆಯದಲ್ಲಿಯೇ ಬಗ್ದಾದಿಗೆ ಬಂದು, ಅಲ್ಲಿಯೇ ನೆಲೆಸಿ, 998ರಲ್ಲಿ ತೀರಿಕೊಂಡರು. ಖಗೋಳ ಮತ್ತು ತ್ರಿಕೋನಮಿತಿಯಲ್ಲಿ ಅವರ ಹೆಸರು ದೊಡ್ಡದು. ಆದರೆ ನಮಗೆ ಇಲ್ಲಿ ಬೇಕಾದದ್ದು ಅವರ ಬೇರೊಂದು ಪುಸ್ತಕ: ಕುಶಲಕರ್ಮಿಗಳಿಗೆ ಬೇಕಾಗುವ ರೇಖಾಗಣಿತವನ್ನು ಕುರಿತದ್ದು. ಕಲ್ಲು ಕಡಿಯುವವನು, ಮರ ಕೊರೆಯುವವನು, ನೆಲಕ್ಕೆ ಹಾಸು ಜೋಡಿಸುವವನು ದಿನವೂ ಎದುರಿಸುವ ಅಳತೆಯ ತೊಡಕುಗಳಿಗೆ ಅದರಲ್ಲಿ ಉತ್ತರಗಳಿವೆ. ಕೈವಾರದ ಬಾಯಿಯನ್ನು ಒಮ್ಮೆ ತೆರೆದು, ಮತ್ತೆ ಬದಲಿಸದೆ, ಪೂರ್ತಿ ಆಕೃತಿಯನ್ನು ಹೇಗೆ ಮುಗಿಸುವುದು ಎಂಬ ಉಪಾಯಗಳೂ ಇವೆ. ಕೆಲಸದ ಜಾಗದಲ್ಲಿ ಕೈವಾರವನ್ನು ಮತ್ತೆ ಮತ್ತೆ ತಿರುವಿದರೆ ಅಳತೆ ಜಾರುತ್ತದೆ ಎಂಬುದು ಆ ಮಹಾಗಣಿತಜ್ಞರಿಗೆ ತಿಳಿದಿತ್ತು.

ಆ ಪುಸ್ತಕದಲ್ಲಿ ಅವರು ತಾವೇ ಹಾಜರಿದ್ದ ಸಭೆಗಳ ವಿಷಯ ಹೇಳುತ್ತಾರೆ. ಅಲ್ಲಿ ಗಣಿತಜ್ಞರೂ ಕುಶಲಕರ್ಮಿಗಳೂ ಒಟ್ಟಿಗೆ ಕುಳಿತಿದ್ದರು. ಮುಂದಿಟ್ಟ ಪ್ರಶ್ನೆ ಒಂದೇ: ಒಂದೇ ಅಳತೆಯ ಮೂರು ಚೌಕಗಳನ್ನು ಕತ್ತರಿಸಿ, ಏನೂ ಉಳಿಯದಂತೆ, ಒಂದೇ ದೊಡ್ಡ ಚೌಕ ಮಾಡುವುದು ಹೇಗೆ?

ಗಣಿತಜ್ಞನಿಗೆ ಇದು ಕಷ್ಟವೇ ಅಲ್ಲ. ದೊಡ್ಡ ಚೌಕದ ಬದಿ ಎಷ್ಟಿರಬೇಕೆಂದು ಅವನು ಒಂದು ಗೆರೆ ಎಳೆದು ತೋರಿಸಿಬಿಟ್ಟ. ಕುಶಲಕರ್ಮಿಗಳಿಗೆ ಸಮಾಧಾನವಾಗಲಿಲ್ಲ. ಅವರಿಗೆ ಬೇಕಾದದ್ದು ಬರಿಯ ಗೆರೆ ಅಲ್ಲ. ಕೈಯಲ್ಲಿರುವ ಮೂರು ಹಲಗೆಗಳನ್ನು ಎಲ್ಲಿ ಕೊಯ್ಯಬೇಕು, ಯಾವ ತುಂಡನ್ನು ಎಲ್ಲಿ ಕೂಡಿಸಬೇಕು ಎಂಬುದು. ಆಮೇಲೆ ಕುಶಲಕರ್ಮಿಗಳು ತಮ್ಮ ತಮ್ಮ ರೀತಿಗಳನ್ನು ತೋರಿಸಿದರು. ನೋಡಲು ಚೌಕದ ಹಾಗೆಯೇ ಇದ್ದವು. ಆದರೆ ಅವುಗಳಲ್ಲಿ ಕೆಲವು ನಿಜವಾದ ಚೌಕಗಳಾಗಿರಲಿಲ್ಲ, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದವು. ಕಣ್ಣಿಗೆ ಸರಿ ಕಂಡದ್ದನ್ನೇ ಅವರು ಸರಿ ಎಂದುಕೊಂಡಿದ್ದರು.

ಅಬುಲ್ ವಫಾ ಇಬ್ಬರ ಕೊರತೆಯನ್ನೂ ಮುಚ್ಚಿಡದೆ ಬರೆದರು. ಗಣಿತಜ್ಞನಿಗೆ ಸತ್ಯ ಗೊತ್ತು, ಆದರೆ ಕೈಯಲ್ಲಿ ಹಿಡಿದು ಕತ್ತರಿಸುವುದು ಗೊತ್ತಿಲ್ಲ. ಕುಶಲಕರ್ಮಿಗೆ ಕತ್ತರಿಸುವುದು ಗೊತ್ತು, ಆದರೆ ಅದು ಸತ್ಯವೋ ಅಲ್ಲವೋ ಎಂದು ಪರೀಕ್ಷಿಸುವುದು ಗೊತ್ತಿಲ್ಲ. ಆಮೇಲೆ ಇಬ್ಬರಿಗೂ ಒಪ್ಪುವ ಒಂದು ದಾರಿ ತೋರಿಸಿದರು.

ಅದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಕಾಗದದ ಮೂರು ಚೌಕ ತೆಗೆದುಕೊಳ್ಳಿ. ಎರಡನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ನಾಲ್ಕು ತ್ರಿಕೋನಗಳಾಗುತ್ತವೆ. ಮೂರನೆಯ ಚೌಕವನ್ನು ನಡುವೆ ಇಡಿ. ಅದರ ನಾಲ್ಕು ಬದಿಗೂ ಒಂದೊಂದು ತ್ರಿಕೋನದ ಉದ್ದ ಬದಿಯನ್ನು ಹಚ್ಚಿ. ಪ್ರತಿ ತ್ರಿಕೋನದ ಒಂದು ಚೂಪು ತುದಿ ಚೌಕದ ಒಂದು ಮೂಲೆಗೆ ಕೂಡಿರಬೇಕು. ಇನ್ನೊಂದು ತುದಿ ಬದಿಯನ್ನು ದಾಟಿ ಹೊರಗೆ ಚಾಚಿಕೊಂಡಿರುತ್ತದೆ. ನಾಲ್ಕೂ ಒಂದೇ ಸುತ್ತಿನಲ್ಲಿ ಸಾಗಿದರೆ ಮಕ್ಕಳ ಕಾಗದದ ಗಿರಿಗಿಟ್ಲೆಯಂತೆ ಕಾಣುತ್ತದೆ. ಈಗ ನಾಲ್ಕು ತ್ರಿಕೋನಗಳ ಗುಣ್ಯಾ ಮೂಲೆಗಳನ್ನು ನೇರ ಗೆರೆಗಳಿಂದ ಕೂಡಿಸಿ. ಗೆರೆಯ ಆಚೆ ಉಳಿದ ನಾಲ್ಕು ಚಿಕ್ಕ ತುಂಡುಗಳನ್ನು ಕತ್ತರಿಸಿ, ಗೆರೆಯ ಒಳಗೆ ಖಾಲಿ ಉಳಿದ ನಾಲ್ಕು ಸಂದುಗಳಲ್ಲಿ ಇಡಿ. ಸರಿಯಾಗಿ ಕೂಡುತ್ತವೆ. ಮೊದಲಿನ ಚೌಕದ ಬದಿ 10 ಸೆಂಟಿಮೀಟರ್ ಇದ್ದರೆ ಹೊಸ ಚೌಕದ ಬದಿ ಸುಮಾರು 17.3 ಸೆಂಟಿಮೀಟರ್ ಬರುತ್ತದೆ. ಒಂಬತ್ತನೇ ತರಗತಿಯಲ್ಲಿ ಮೂರರ ವರ್ಗಮೂಲ ಎಂದು ಬಾಯಿಪಾಠ ಮಾಡಿಸುವ ಸಂಖ್ಯೆ 1.73 ಇದೇ. ಇಲ್ಲಿ ಅದು ಮಗುವಿನ ಬೆರಳಿಗೆ ಸಿಗುತ್ತದೆ.

ಆ ಕಾಲದಲ್ಲಿ ಇದು ಒಬ್ಬರ ವಿಚಾರವಷ್ಟೇ ಆಗಿರಲಿಲ್ಲ. ಅಬುಲ್ ವಫಾ ಹುಟ್ಟಿದ ವರ್ಷವೇ ಬಗ್ದಾದಿನಲ್ಲಿ ತೀರಿಕೊಂಡ ವಜೀರ ಇಬ್ನ್ ಮುಕ್ಲಾ ಅರಬಿ ಲಿಪಿಗೆ ಅಳತೆಯ ಕಟ್ಟು ಕೊಟ್ಟವರು. ಕಲಮಿನ ತುದಿಯನ್ನು ಕಾಗದದ ಮೇಲೆ ಒಮ್ಮೆ ಒತ್ತಿದಾಗ ಮೂಡುವ ಚುಕ್ಕಿಯೇ ಅಳತೆಗೋಲು. ಅಲಿಫ್ ಇಂತಿಷ್ಟು ಚುಕ್ಕಿ ಎತ್ತರ; ಆ ಅಲಿಫನ್ನೇ ವ್ಯಾಸವಾಗಿ ಇಟ್ಟು ಎಳೆದ ವೃತ್ತದೊಳಗೆ ಉಳಿದ ಅಕ್ಷರಗಳ ಪ್ರಮಾಣ. ನಮ್ಮ ಮಕ್ಕಳು ಮಕ್ತಬಿನಲ್ಲಿ ಮೊದಲು ತಿದ್ದುವ ಗೆರೆಯೂ ಅಲಿಫೇ. ಅದನ್ನು ತಿದ್ದುವಾಗ ಅವರು ಪ್ರಮಾಣ ಎಂಬ ಗಣಿತವನ್ನೂ ತಿದ್ದುತ್ತಿದ್ದಾರೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಅದೇ 10ನೇ ಶತಮಾನದ ಇಖ್ವಾನುಸ್ಸಫಾ ಬಳಗದವರು ತಮ್ಮ ಪತ್ರಗಳಲ್ಲಿ ಸಂಖ್ಯೆ, ರೇಖೆ, ನಕ್ಷತ್ರ, ನಾದ ಈ ನಾಲ್ಕನ್ನೂ ಗಣಿತದ ಒಂದೇ ಮನೆಯ ವಿದ್ಯೆಗಳೆಂದು ಎಣಿಸಿದರು. ಮುಂದೆ 1427ರಲ್ಲಿ ಸಮರ್ಕಂದದಲ್ಲಿ ಅಲ್-ಕಾಶಿ ಬರೆದು ಮುಗಿಸಿದ ಲೆಕ್ಕದ ಗ್ರಂಥದಲ್ಲಿ ಕಮಾನು, ಗುಮ್ಮಟ, ಜೇನುಗೂಡಿನಂಥ ಮುಕರ್ನಸ್ ಕೆತ್ತನೆ ಇವುಗಳ ಮೇಲ್ಮೈ ಅಳೆಯುವುದನ್ನು ಕಲಿಸುವ ಭಾಗವೇ ಇದೆ. ಎಷ್ಟು ಸಾಮಗ್ರಿ ಬೇಕು, ಎಷ್ಟು ಕೂಲಿ ಆಗುತ್ತದೆ ಎಂಬುದು ಅಂಥ ಅಳತೆಯಿಂದಲೇ ತಿಳಿಯುವುದು. ಗೌಂಡಿಯ ಲೆಕ್ಕ ಬರೆಯುವುದು ತಮ್ಮ ಯೋಗ್ಯತೆಗೆ ಕಡಿಮೆ ಎಂದು ಆ ಪಂಡಿತರಿಗೆ ಅನ್ನಿಸಲಿಲ್ಲ.

ನಮ್ಮ ಕಲ್ಲುಗಳ ಸಾಕ್ಷಿ

ಬಗ್ದಾದ್ ದೂರವಾಯಿತು ಎನ್ನುವವರಿಗೆ ನಮ್ಮ ಊರೇ ಸಾಕು. ತಿಳವಳ್ಳಿಯ ಶಾಂತೇಶ್ವರ ಗುಡಿ 13ನೇ ಶತಮಾನದ್ದು. ನಮ್ಮ ಮಕ್ಕಳು ಅದರ ಪಕ್ಕದಲ್ಲಿಯೇ ಆಡಿ ಬೆಳೆಯುತ್ತಾರೆ. ಅಲ್ಲಿ ಹಿಂದೂ ಬಾಂಧವರು ಪೂಜೆ ಸಲ್ಲಿಸುತ್ತಾರೆ. ನಾವು ಕಲಿಯಬೇಕಾದದ್ದು ಆ ಕಲ್ಲು ಕಡಿದವರ ಕೈಚಳಕ ಮತ್ತು ಲೆಕ್ಕ. ಹಾನಗಲ್ಲಿನ 12ನೇ ಶತಮಾನದ ತಾರಕೇಶ್ವರ ಗುಡಿಯಲ್ಲಿ ಎಂಟು ಮೂಲೆಯ ವಿಶಾಲ ಛಾವಣಿಯಿದೆ. ಕಲ್ಲಿನ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ತುಸು ಒಳಗೆ ಚಾಚಿ ಮೇಲೇರುತ್ತ, ನಡುವೆ ಕಮಲವೊಂದು ತೂಗುಬಿದ್ದಂತೆ ಕಾಣುತ್ತದೆ. ಒಂದು ಸುತ್ತಿನ ಅಳತೆ ತಪ್ಪಿದರೂ ಮೇಲಿನ ಭಾರ ನಿಲ್ಲುತ್ತಿರಲಿಲ್ಲ.

ಚೌಕದಿಂದ ಎಂಟು ಮೂಲೆ ತೆಗೆಯುವುದು ಹೇಗೆ? ಕೈವಾರದ ಬಾಯಿಯನ್ನು ಚೌಕದ ಕರ್ಣದ ಅರ್ಧದಷ್ಟು ತೆರೆದು, ನಾಲ್ಕು ಮೂಲೆಗಳಿಂದಲೂ ಕಮಾನು ಎಳೆದರೆ ಬದಿಗಳ ಮೇಲೆ ಎಂಟು ಗುರುತು ಬೀಳುತ್ತವೆ. ಅವನ್ನು ಕೂಡಿಸಿದರೆ ಎಂಟೂ ಬದಿ ಸಮನಾದ ಅಷ್ಟಕೋನ. ಇದನ್ನು ಚಿತ್ರಕಲೆಯ ಪಾಠ ಎನ್ನೋಣವೇ, ಗಣಿತದ ಪಾಠ ಎನ್ನೋಣವೇ?

ಗದಗ ಜಿಲ್ಲೆಯ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇದೆ. ಅದೂ 12ನೇ ಶತಮಾನದ್ದು. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಅಂಥ ನಕ್ಷತ್ರ ಮೂಡಿಸಲು ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ತಿರುಗಿಸುತ್ತ ಹೋಗಬೇಕು. ಒಂದು ಚೌಕಕ್ಕೆ ನಾಲ್ಕು ಮೂಲೆ. 24 ಮೂಲೆಗೆ ಆರು ಚೌಕ. 90 ಡಿಗ್ರಿಯನ್ನು ಆರರಿಂದ ಭಾಗಿಸಿದರೆ ಪ್ರತಿ ಸಲ ತಿರುಗಿಸಬೇಕಾದದ್ದು 15 ಡಿಗ್ರಿ. ಐದನೇ ತರಗತಿಯ ಮಗು ಮಾಡಬಲ್ಲ ಭಾಗಾಕಾರ ಇದು.

ಇನ್ನು ವಿಜಯಪುರಕ್ಕೆ ಬನ್ನಿ. ನಮ್ಮ ಬಂಕಾಪುರದ ಕೋಟೆಯೂ ಒಂದು ಕಾಲಕ್ಕೆ ಆದಿಲಶಾಹಿಗಳ ಕೈಯಲ್ಲಿತ್ತು. ಸವಣೂರಿನ ನವಾಬರ ಮನೆತನವೂ ಆ ದರ್ಬಾರಿನ ನಂಟಿನಿಂದ ಬೆಳೆದದ್ದು. ಆದ್ದರಿಂದ ಗೋಲಗುಮ್ಮಟ ನಮಗೆ ಪರ ಊರಿನ ಕಟ್ಟಡವಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಆ ಗೋರಿಯ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡ ದುಂಡು ಗುಮ್ಮಟವನ್ನು ಚೌಕದ ಕೋಣೆಯ ಮೇಲೆ, ನಡುವೆ ಒಂದೂ ಕಂಬವಿಲ್ಲದೆ, ನಿಲ್ಲಿಸಿದ್ದು ಹೇಗೆ? ಒಳಗೆ ನಿಂತು ಮೇಲೆ ನೋಡಿದರೆ ಉತ್ತರ ಕಾಣುತ್ತದೆ. ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಹೋಗಿವೆ. ಕಾಗದದ ಮೇಲೆ ಅದರ ನಕ್ಷೆ ತೆಗೆದರೆ ಎರಡು ಚೌಕಗಳು: ಒಂದರ ಮೇಲೆ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಇಟ್ಟದ್ದು. ಮೂಡುವುದು ಎಂಟು ಮೂಲೆಯ ನಕ್ಷತ್ರ, ಅದರ ಒಳಗೆ ಅಷ್ಟಕೋನ, ಅದರ ಮೇಲೆ ಗುಮ್ಮಟದ ವೃತ್ತ.

ಡಂಬಳದಲ್ಲಿ ಆರು ಚೌಕ, ವಿಜಯಪುರದಲ್ಲಿ ಎರಡು ಚೌಕ. ಒಂದು ಗುಡಿ, ಇನ್ನೊಂದು ಗೋರಿ. ನಡುವೆ ಸುಮಾರು ಐನೂರು ವರ್ಷಗಳ ಅಂತರ. ಆದರೆ ಚೌಕವನ್ನು ತಿರುಗಿಸುವ ಉಪಾಯ ಎರಡರಲ್ಲಿಯೂ ಒಂದೇ. ಇದನ್ನು ತಿಳಿದ ಮಗು ಕೋನ ಎಂಬ ಪದವನ್ನು ಮರೆಯಲಾರದು. ಪಕ್ಕದ ಮನೆಯವರ ಗುಡಿಯನ್ನು ಪರಕೀಯವೆಂದು ನೋಡಲೂ ಆರದು.

ಹಾಡಿನಲ್ಲಿ ಲೆಕ್ಕ, ಸೂಜಿಯಲ್ಲಿ ಲೆಕ್ಕ

ಕನ್ನಡ ನಾಡಿನಲ್ಲಿ ಗಣಿತ ಕಾವ್ಯದ ಜೊತೆಯಲ್ಲಿಯೇ ನಡೆದು ಬಂದಿದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದರು. ಆ ಅಮೋಘವರ್ಷನ ಸಾಮಂತ ಬಂಕೆಯನ ಹೆಸರಿನಿಂದಲೇ ನಮ್ಮ ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಆ ಹೆಸರು ಬಂದದ್ದು. ಮಹಾವೀರಾಚಾರ್ಯರು ಕೆಲವು ಗುಣಾಕಾರಗಳ ಉತ್ತರವನ್ನು ಕೊರಳ ಹಾರಕ್ಕೆ ಹೋಲಿಸುತ್ತಾರೆ. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಯಲ್ಲಿ ಒಂದೊಂದು ಹರಳು, ನಡುವೆ ಸಾಲಾಗಿ ಸೊನ್ನೆಯ ಮಣಿಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮಗ್ಗಿ ಎಂದರೆ ಓಡುವ ಹುಡುಗನೂ ಈ ಹಾರ ಕಟ್ಟಲು ಕೂರುತ್ತಾನೆ.

12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ ಗಣಿತ ಗ್ರಂಥಗಳನ್ನು ರಚಿಸಿದ ಮೊದಲಿಗ. ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದ ಅವನ ಕೃತಿಗಳಲ್ಲಿ ಸೂತ್ರಗಳು ಪದ್ಯರೂಪದಲ್ಲಿವೆ. ಕಾಗದ ಅಗ್ಗವಲ್ಲದ ಕಾಲದಲ್ಲಿ ಲಯವೇ ನೆನಪಿನ ಪೆಟ್ಟಿಗೆಯಾಗಿತ್ತು. ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯರ ಲೀಲಾವತಿ ಬಂತು. ದುಂಬಿಗಳ ಹಿಂಡು, ಹಾವು ಮತ್ತು ನವಿಲು, ಕೊಳದ ನೀರಿನಲ್ಲಿ ಬಾಗಿದ ತಾವರೆ ಎಲ್ಲವೂ ಅದರಲ್ಲಿ ಲೆಕ್ಕಗಳಾಗಿವೆ. ಈ ಲೀಲಾವತಿಯನ್ನು ಅಕ್ಬರನ ಆಸ್ಥಾನದ ಕವಿ ಫೈಜಿ 1587ರಲ್ಲಿ ಪಾರ್ಸಿಗೆ ತಂದರು. ಭಾಸ್ಕರರ ಬೀಜಗಣಿತವನ್ನು ಶಾಹಜಹಾನನ ಕಾಲದಲ್ಲಿ ಪಾರ್ಸಿಗೆ ತಂದವರು ಅತಾಉಲ್ಲಾ ರುಶ್ದಿ. ಅವರ ತಂದೆ ಉಸ್ತಾದ್ ಅಹ್ಮದ್ ಲಾಹೋರಿ, ತಾಜಮಹಲಿನ ಶಿಲ್ಪಿ ಎಂದು ಹೆಸರಾದವರು. ಗಣಿತವನ್ನು ಅನುವಾದಿಸಿದ್ದು ಒಬ್ಬ ಕವಿ. ಆಮೇಲೆ ಒಬ್ಬ ಕಟ್ಟಡಗಾರನ ಮಗ. ಇದಕ್ಕಿಂತ ಹೆಚ್ಚಿನ ಪುರಾವೆ ಏನು ಬೇಕು?

ಗಂಡಸರ ವಿಷಯವನ್ನೇ ಹೇಳಿದರೆ ಅನ್ಯಾಯವಾದೀತು. ಧಾರವಾಡ, ಹಾವೇರಿ ಸೀಮೆಯ ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳೂ ಬಟ್ಟೆಯ ಎಳೆ ಎಣಿಸಿಯೇ ಹಾಕುವಂಥವು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ರಥದ ಗಾಲಿ ಸೊಟ್ಟಾಗುತ್ತದೆ. ಗವಂತಿಯಲ್ಲಿ ಬಟ್ಟೆಯ ಮುಂದೆ, ಹಿಂದೆ ಒಂದೇ ಚಿತ್ರ ಕಾಣುತ್ತದೆ. ಸೂಜಿ ಹೋಗುವಾಗ ಅರ್ಧ ಗೆರೆಗಳನ್ನು ತುಂಬಿ, ಬರುವಾಗ ಉಳಿದರ್ಧ ತುಂಬಿ, ಹೊರಟ ಜಾಗಕ್ಕೇ ಮರಳುತ್ತದೆ. ಒಂದು ದಾರಿಯ ಜಾಲದಲ್ಲಿ ಎಲ್ಲ ದಾರಿಗಳನ್ನೂ ಮುಗಿಸಿ ಹೊರಟಲ್ಲಿಗೇ ಮರಳಬೇಕಾದರೆ, ಪ್ರತಿ ಕೂಡುಗಟ್ಟಿನಲ್ಲಿಯೂ ಕೂಡುವ ದಾರಿಗಳ ಸಂಖ್ಯೆ ಸರಿಸಂಖ್ಯೆಯಾಗಿರಬೇಕು ಎಂದು 1736ರಲ್ಲಿ ಯೂರೋಪಿನ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟರು. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ಹಾಯುವುದರಿಂದ ಎಲ್ಲ ಕಡೆಯೂ ಎಣಿಕೆ ಸರಿಸಂಖ್ಯೆಯೇ ಆಗುತ್ತದೆ; ಸೂಜಿ ಎಲ್ಲಿಯೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ನಮ್ಮ ಅಜ್ಜಿಯರಿಗೆ ಆಯ್ಲರ್ ಹೆಸರು ಗೊತ್ತಿರಲಿಲ್ಲ. ದಾರಿ ಮಾತ್ರ ತಪ್ಪುತ್ತಿರಲಿಲ್ಲ.

ಹರಕು ಬಟ್ಟೆಯ ಚೌಕ, ತ್ರಿಕೋನಗಳನ್ನು ಕೂಡಿಸಿ ಕೌದಿ ಹೊಲಿಯುವ ತಾಯಂದಿರೂ ಅಬುಲ್ ವಫಾರ ಸಭೆಯಲ್ಲಿ ಕೂರಬಹುದಾದವರೇ. ನಾವು ಹೊಲಿಗೆಯ ಪಿರಿಯಡ್ ಬಿಟ್ಟುಕೊಟ್ಟ ದಿನ ನಮ್ಮ ಹೆಣ್ಣುಮಕ್ಕಳ ಕೈಯಿಂದ ಏನನ್ನು ಕಿತ್ತುಕೊಂಡೆವು ಎಂಬುದು ಈಗ ತಿಳಿಯುತ್ತಿದೆ.

ಒಂದೇ ಗಂಟೆಯಲ್ಲಿ ಸಂಗೀತ, ಚಿತ್ರ, ಅಂಕಗಣಿತ

ಹಾಗಾದರೆ ಈ ಎರಡು ವಿದ್ಯೆಗಳು ಬೇರೆಯಾದದ್ದು ಹೇಗೆ? ಇಂಗ್ಲಿಷರ ಆಡಳಿತದಲ್ಲಿ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಶಾಲೆ ಎಂದರೆ ಪರೀಕ್ಷೆ, ಪರೀಕ್ಷೆ ಎಂದರೆ ಸರ್ಕಾರಿ ನೌಕರಿ ಎಂಬ ದಾರಿ ಆಗ ಬಿದ್ದದ್ದು. ನೌಕರಿಗೆ ಬೇಕಾದ ವಿದ್ಯೆ ಮೇಲಾಯಿತು. ಕೈಕಸುಬು ಓದು ತಲೆಗೆ ಹತ್ತದವರ ಪಾಲಾಯಿತು. ಕಸುಬುದಾರರ ಮನೆಗಳೇ ಹೆಚ್ಚಿರುವ ನಮ್ಮಂಥ ಸಮುದಾಯಕ್ಕೆ ಇದರ ಪೆಟ್ಟು ಎರಡು ಕಡೆಯಿಂದ ಬಿತ್ತು. ಶಾಲೆ ನಮ್ಮ ಕಸುಬನ್ನು ವಿದ್ಯೆ ಎನ್ನಲಿಲ್ಲ; ನಾವೂ ಶಾಲೆಯ ವಿದ್ಯೆ ನಮ್ಮದಲ್ಲ ಎಂದುಕೊಂಡೆವು.

ಇದನ್ನು ತಿದ್ದುವ ದೊಡ್ಡ ಯತ್ನ 1937ರಲ್ಲಿ ನಡೆಯಿತು. ಆ ವರ್ಷದ ಅಕ್ಟೋಬರಿನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಕಸುಬಿನ ಮೂಲಕ ಎಲ್ಲ ಪಾಠಗಳನ್ನೂ ಕಲಿಸುವ ಯೋಜನೆ ಸಿದ್ಧಪಡಿಸಲು ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ದಿಲ್ಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಡಾ. ಜಾಕಿರ್ ಹುಸೇನ್. ಮುಂದೆ 1967ರಲ್ಲಿ ರಾಷ್ಟ್ರಪತಿಗಳಾದವರು ಅವರೇ. ಸಮಿತಿ ಸೂಚಿಸಿದ ದಿನದ ವೇಳಾಪಟ್ಟಿ ಐದೂವರೆ ಗಂಟೆಯದು. ಕಸುಬಿಗೆ 3 ಗಂಟೆ 20 ನಿಮಿಷ. ಮಾತೃಭಾಷೆಗೆ 40 ನಿಮಿಷ. ಸಮಾಜ ಮತ್ತು ಸಾಮಾನ್ಯ ವಿಜ್ಞಾನಕ್ಕೆ 30 ನಿಮಿಷ. ವ್ಯಾಯಾಮಕ್ಕೆ 10, ಬಿಡುವಿಗೆ 10. ಉಳಿದ 40 ನಿಮಿಷ ಯಾವುದಕ್ಕೆ ಗೊತ್ತೇ? ಸಂಗೀತ, ಚಿತ್ರಕಲೆ ಮತ್ತು ಅಂಕಗಣಿತಕ್ಕೆ, ಮೂರಕ್ಕೂ ಸೇರಿ ಒಂದೇ ಸಾಲಿನಲ್ಲಿ. ನಾವು ಒಂದನ್ನು ಕಿತ್ತು ಇನ್ನೊಂದಕ್ಕೆ ಕೊಟ್ಟ ಪಿರಿಯಡ್‌ಗಳನ್ನು ಆ ಹಿರಿಯರು ಒಂದೇ ಹೊತ್ತಿನಲ್ಲಿ ಕೂರಿಸಿದ್ದರು.

ಆ ಯೋಜನೆಯಂತೆ ಮುಂಬಯಿ ಪ್ರಾಂತದಲ್ಲಿಯೂ ಬೇಸಿಕ್ ಶಾಲೆಗಳು ತೆರೆದವು. ಆದರೆ ಅವು ಬಹುಕಾಲ ಬಾಳಲಿಲ್ಲ. ಎಷ್ಟೋ ಕಡೆ ಕಸುಬು ತಕಲಿಯಲ್ಲಿ ನೂಲು ತೆಗೆಯುವುದಕ್ಕೇ ನಿಂತಿತು. ನೂಲಿಗೂ ಲೆಕ್ಕಕ್ಕೂ ನಂಟು ಬೆಸೆಯುವ ತರಬೇತಿ ಶಿಕ್ಷಕರಿಗೆ ಸಾಲಲಿಲ್ಲ. ಪಾಲಕರಿಗೂ ಅದು ಬಡವರ ಮಕ್ಕಳಿಗೆ ಮಾಡಿದ ಕೆಳದರ್ಜೆಯ ಶಾಲೆ ಎಂದೇ ಕಂಡಿತು. ಕಸುಬನ್ನು ಶಾಲೆಯೊಳಗೆ ತಂದರಷ್ಟೇ ಸಾಲದು. ಅದರೊಳಗಿನ ಗಣಿತವನ್ನು ಹೊರತೆಗೆದು ತೋರಿಸುವ ಗುರು ಬೇಕು ಎಂಬುದು ಆ ಸೋಲು ಕಲಿಸಿದ ಪಾಠ.

ಅರವತ್ತು ವರ್ಷಗಳ ತರುವಾಯ ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ಆರಂಭವಾಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ನಲಿಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಹಾಡು, ಕತೆ, ಚಿತ್ರ, ಆಟಗಳಲ್ಲಿ ಮಕ್ಕಳು ಎಣಿಕೆ ಕಲಿಯುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಎಲ್ಲ ಪಾಠಗಳೊಂದಿಗೆ ಬೆಸೆಯಬೇಕೆಂದು ಹೇಳಿದೆ. ಆದರೆ ನಲಿಕಲಿ ಕೆಳಗಿನ ತರಗತಿಗಳಲ್ಲಿಯೇ ಮುಗಿಯುತ್ತದೆ. ಮೇಲಿನ ತರಗತಿಗೆ ಬಂದ ಮಗುವಿನ ಮುಂದೆ ಹಾಡು ನಿಲ್ಲುತ್ತದೆ, ಸೂತ್ರ ಶುರುವಾಗುತ್ತದೆ. ನಮ್ಮ ಮಕ್ಕಳು ಗಣಿತಕ್ಕೆ ಹೆದರಲು ತೊಡಗುವುದೂ ಆ ಹೊತ್ತಿಗೇ.

ಎರಡೂ ಬೇಕು

ಇಷ್ಟು ಓದಿದವರಲ್ಲಿ ಕೆಲವರು ಕೇಳಬಹುದು: ಹಾಗಾದರೆ ಮಗ್ಗಿ, ಪ್ರಮೇಯ, ಪರೀಕ್ಷೆ ಎಲ್ಲ ಬಿಟ್ಟು ಬಣ್ಣದ ಪೆನ್ಸಿಲ್ ಹಿಡಿಸೋಣವೇ? ಅಲ್ಲ. ಬಗ್ದಾದಿನ ಸಭೆಯಲ್ಲಿ ಕುಶಲಕರ್ಮಿಗಳ ಚೌಕ ಕಣ್ಣಿಗೆ ಚಂದವಿದ್ದರೂ ತಪ್ಪಾಗಿತ್ತು ಎಂಬುದನ್ನು ಮರೆಯಬಾರದು. ಚಿತ್ರ ಚಂದವಾದರೆ ಲೆಕ್ಕ ತಾನಾಗಿಯೇ ಬರುವುದಿಲ್ಲ. ಗಣಿತದ ಪಾಠದಲ್ಲಿ ಗೋಡೆಗೆ ನಾಲ್ಕು ಬಣ್ಣದ ಪಟ ಅಂಟಿಸಿ, ಕಲೆ ಬೆಸೆದೆವು ಎನ್ನುವುದೂ ಮೋಸವೇ. ಮಗು ಎಂಟು ಮೂಲೆ ತೆಗೆದ ಮೇಲೆ ಎಂಟೂ ಬದಿ ಸಮ ಏಕೆ ಎಂದು ಕೇಳುವವರಿರಬೇಕು. ಸಮ ಎಂದು ಸಾಧಿಸಿದ ಮೇಲೆ, ಹಲಗೆಯಲ್ಲಿ ಕೊಯ್ದು ತೋರಿಸು ಎನ್ನುವವರೂ ಇರಬೇಕು. ಅಬುಲ್ ವಫಾ ಗಣಿತಜ್ಞನನ್ನೂ ಬಿಡಲಿಲ್ಲ, ಕುಶಲಕರ್ಮಿಯನ್ನೂ ಬಿಡಲಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ತಿದ್ದಿದರು.

ನಮ್ಮೂರಿನಲ್ಲಿ ಅಂಥ ಸಭೆಗೆ ಬೇಕಾದವರೆಲ್ಲ ಇದ್ದಾರೆ. ಗಣಿತದ ಮೇಷ್ಟ್ರಿದ್ದಾರೆ, ಗುಣ್ಯಾ ಹಿಡಿದ ಗೌಂಡಿ ಇದ್ದಾರೆ, ಕೌದಿ ಹೊಲಿಯುವ ಖಾಲಾ ಇದ್ದಾರೆ, ಕಸೂತಿ ಹಾಕುವ ಅಕ್ಕಂದಿರಿದ್ದಾರೆ. ಅವರು ಒಟ್ಟಿಗೆ ಕೂತದ್ದು ಮಾತ್ರ ಇಲ್ಲ. ತಿಂಗಳಿಗೆ ಒಂದು ದಿನ, ಒಂದು ತಾಸು, ಗೌಂಡಿಯೊಬ್ಬರು ತಮ್ಮ ದಾರ, ಓಳಂಬಿ, ಗುಣ್ಯಾ ತೆಗೆದುಕೊಂಡು ಶಾಲೆಯ ಅಂಗಳಕ್ಕೆ ಬರಲಿ. ಮೂರು, ನಾಲ್ಕು, ಐದು ಅಳೆದು ತೋರಿಸಲಿ. ಪಕ್ಕದಲ್ಲಿ ಮೇಷ್ಟ್ರು ನಿಂತು ಅದೇಕೆ ಹಾಗೆ ಎಂದು ಮಕ್ಕಳನ್ನು ಕೇಳಲಿ. ಇದಕ್ಕೆ ಹಣ ಬೇಕಿಲ್ಲ, ಆದೇಶವೂ ಬೇಕಿಲ್ಲ. ಆ ದಿನ ಅಂಗಳದಲ್ಲಿ ಕೂತ ಒಬ್ಬ ಹುಡುಗ, "ಇದು ನಮ್ಮ ಅಬ್ಬಾಗೆ ಬರುತ್ತೆ" ಎಂದು ತಲೆ ಎತ್ತಿ ಹೇಳಿದರೆ ಅಷ್ಟೇ ಸಾಕು. ತನ್ನ ಮನೆಯ ವಿದ್ಯೆಯನ್ನು ಶಾಲೆ ಗೌರವಿಸುವುದನ್ನು ಕಂಡ ಮಗು ಶಾಲೆಯ ವಿದ್ಯೆಗೆ ಬೆನ್ನು ತೋರಿಸುವುದಿಲ್ಲ.

ನಮ್ಮ ಪಾಲಿನ ಕೆಲಸವೂ ಒಂದಿದೆ. ಅಂದು ಕೈ ಎತ್ತಿದ ಶಾಲೆಗೆ ಮುಂದಿನ ಪಾಲಕರ ಸಭೆಯ ದಿನ ನಾವು ಮತ್ತೆ ಹೋಗುವವರಿದ್ದೇವೆ. ಚಿತ್ರಕಲೆ ಮತ್ತು ಹೊಲಿಗೆಯ ಪಿರಿಯಡ್‌ಗಳನ್ನು ಮರಳಿ ಕೊಡಿ, ಆ ಪಿರಿಯಡ್‌ಗಳಲ್ಲಿ ವಾರಕ್ಕೊಮ್ಮೆ ಗಣಿತದ ಮೇಷ್ಟ್ರೂ ಬಂದು ಕೂರಲಿ ಎಂದು ಕೇಳಲಿದ್ದೇವೆ. ಫಲಿತಾಂಶದ ಪ್ರಶ್ನೆ ಬಂದರೆ ಬಾಯಿಮಾತಿನಲ್ಲಿ ಉತ್ತರಿಸುವುದಿಲ್ಲ. ಕಾಗದದ ಮೂರು ಚೌಕ ಮತ್ತು ಒಂದು ಕತ್ತರಿಯನ್ನು ಮೇಜಿನ ಮೇಲೆ ಇಡುತ್ತೇವೆ.

ಓದುಗರಲ್ಲಿ ನಮ್ಮ ಕೋರಿಕೆಯೂ ಇಷ್ಟೇ. ಈ ಜುಮಾದ ಸಂಜೆ ಮನೆಯ ಮಕ್ಕಳನ್ನು ಕರೆದು ಆ ಮೂರು ಚೌಕಗಳನ್ನು ಕತ್ತರಿಸಿ ನೋಡಿ. ಮೊದಲ ಸಲ ಕೂಡದಿದ್ದರೆ ಬೈಯಬೇಡಿ. ಬಗ್ದಾದಿನ ಉಸ್ತಾದರಿಗೂ ಮೊದಲ ಸಲ ಕೂಡಿರಲಿಲ್ಲ. ಅಲ್ಲಾಹನು ನಮ್ಮ ಮಕ್ಕಳ ಕೈಗೂ ಇಲ್ಮಿಗೂ ಬರಕತ್ ನೀಡಲಿ. ಆಮೀನ್.